ರವಿವಾರದ ದೂರದ ಓಟ

ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಅವರು ಆ ಮಾತನ್ನು ಹಣದ ವಿಷಯವಾಗಿ ಹೇಳಿದರು. ಆದರೆ ಈಗಿನ ಕಾಲದಲ್ಲಿ ಅದು ಹಣಕ್ಕಿಂತಲೂ ಹೆಚ್ಚಾಗಿ ದೇಹಕ್ಕೆ ಸಲ್ಲುತ್ತದೆಂದು ನನಗೆ ತೋರುತ್ತದೆ. ಕೂತು ಉಣ್ಣುವ ಗೃಹಸ್ಥನು ಹುಟ್ಟಿನೊಡನೆ ಪಡೆದು ಬಂದ ಆರೋಗ್ಯದ ಕುಡಿಕೆಯನ್ನು ನಲವತ್ತು ಐವತ್ತರೊಳಗೆ ಬರಿದು ಮಾಡಿಕೊಂಡು, ಉಳಿದ ಆಯುಷ್ಯವನ್ನು ಗುಳಿಗೆಗಳ ಲೆಕ್ಕದಲ್ಲಿ ಕಳೆಯುತ್ತಾನೆ. ಹೀಗೆ ಬರೆಯುತ್ತಿರುವ ನಾನೇ ಅಂಥ ಗೃಹಸ್ಥನಾಗಿದ್ದೆನಾದುದರಿಂದ, ವಾಚಕರು ಇದನ್ನು ಪರನಿಂದೆಯೆಂದು ತಿಳಿಯಲಾರರೆಂದು ನಂಬುತ್ತೇನೆ.

ನಮ್ಮ ಕರಾವಳಿಯ ಜನರು ಹಿಂದೆ ಹೀಗಿರಲಿಲ್ಲ. ಕುಮಟೆಯ ಸಂತೆಗೆ ಹೋಗುವವನೂ ಇಡಗುಂಜಿಯ ದೇವರಿಗೆ ಹಣ್ಣುಕಾಯಿ ಮಾಡಿಸುವವನೂ ಗೇರುಸೊಪ್ಪೆಯ ಘಟ್ಟವನ್ನು ಏರುವವನೂ ಕಾಲನ್ನೇ ನಂಬಿದ್ದರು. ಟಪಾಲಿನ ಚೀಲವನ್ನು ಹೊತ್ತ ಹರಿಕಾರನು ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿಯನ್ನು ಹಿಡಿದು ಕಾಡುದಾರಿಯಲ್ಲಿ ಓಡುತ್ತಿದ್ದನು. ಗೆಜ್ಜೆಯ ಸದ್ದಿನಿಂದ ಮೃಗಗಳು ದೂರ ಸರಿಯುತ್ತಿದ್ದವು. ಮುಂದಿನ ಠಾಣ್ಯದಲ್ಲಿ ಕಾದಿರುವವನಿಗೆ ಆ ಸದ್ದೇ ಸೂಚನೆಯಾಗುತ್ತಿತ್ತು. ಒಬ್ಬನು ತನ್ನ ಪಾಲಿನ ದಾರಿಯನ್ನು ಓಡಿ ಚೀಲವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸುವನು. ಮೈಸೂರು ಸೀಮೆಯಲ್ಲಿ ಈ ಏರ್ಪಾಡಿಗೆ ಅಂಚೆಯೆಂದು ಹೆಸರು. ಅದು 1889ರಲ್ಲಿ ಬ್ರಿಟಿಷ್ ಇಂಡಿಯದ ಟಪಾಲಿನೊಡನೆ ಕೂಡಿಹೋಯಿತು. ಹರಿಕಾರನು ಹೋದನು, ಹೆಸರು ಮಾತ್ರ ನಮ್ಮ ನುಡಿಯಲ್ಲಿ ಉಳಿಯಿತು. ಈಗ ಹೆದ್ದಾರಿಯಿದೆ, ಕೊಂಕಣ ರೈಲ್ವೆಯಿದೆ, ಮನೆಗೊಂದೆರಡು ಮೋಟಾರು ಬೈಕುಗಳಿವೆ. ಅರ್ಧ ಸೇರು ಮೀನು ತರಲಿಕ್ಕೂ ಚಕ್ರವೇ ಬೇಕು. ಕಾಲುಗಳು ನಮಗೆ ಕುರ್ಚಿಯ ಕೆಳಗೆ ಮಡಚಿಡಲಿಕ್ಕಷ್ಟೇ ಉಳಿದಿವೆ.

ನನಗೆ ನಲವತ್ತೊಂಬತ್ತು ತುಂಬಿದ ವರ್ಷ ವೈದ್ಯರು ರಕ್ತವನ್ನು ಪರೀಕ್ಷಿಸಿ ಸಕ್ಕರೆಯ ರೋಗವಿದೆಯೆಂದರು. ನನ್ನ ತಂದೆಯವರು ಇದೇ ರೋಗದಿಂದ ಕಾಲಿನ ಬೆರಳುಗಳನ್ನೂ ಬಳಿಕ ದೃಷ್ಟಿಯನ್ನೂ ಕಳೆದುಕೊಂಡುದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆದ್ದು, ಹೊಸ ಬೂಟುಗಳನ್ನು ಮೆಟ್ಟಿಕೊಂಡು, ಯಾರೂ ನೋಡದ ಹಾಗೆ ಓಡಲಿಕ್ಕೆ ಹೊರಟೆನು. ನಾಲ್ಕು ದಿನ ಓಡಿದೆ. ಐದನೆಯ ದಿನ ಮಳೆ ಬಂತು. ಆರನೆಯ ದಿನ ಮಳೆ ಬರಬಹುದೆಂದು ತೋರಿತು. ಏಳನೆಯ ದಿನಕ್ಕೆ ಕಾರಣವೇ ಬೇಕಾಗಲಿಲ್ಲ. ಹೀಗೆ ಒಂದು ವರ್ಷದಲ್ಲಿ ಮೂರು ಸಲ ಆರಂಭಿಸಿ ಮೂರು ಸಲ ಬಿಟ್ಟೆನು. ಬೂಟುಗಳು ಮಂಚದ ಕೆಳಗೆ ಬೂಸರು ಹಿಡಿದವು. ನನ್ನಲ್ಲಿ ಭಯವೇನೋ ಇತ್ತು. ಆದರೆ ಭಯವು ಮನುಷ್ಯನನ್ನು ನಾಲ್ಕು ದಿನ ಓಡಿಸಬಲ್ಲುದೇ ಹೊರತು ನಾಲ್ಕು ವರ್ಷ ಓಡಿಸಲಾರದು.

ನನ್ನನ್ನು ಓಡಿಸಿದವರು ನನಗೆ ಕನ್ನಡ ಶಾಲೆಯಲ್ಲಿ ಕಲಿಸಿದ ಮಾಸ್ತರರು. ಅವರಿಗೆ ಎಪ್ಪತ್ತು ದಾಟಿತ್ತು. ಅವರೂ ಇನ್ನು ನಾಲ್ಕೈದು ಜನರೂ ರವಿವಾರ ಬೆಳಗಿನ ಜಾವದಲ್ಲಿ ಕೂಡಿ, ಅರ್ಧ ನಡೆದು ಅರ್ಧ ಓಡಿ, ದೂರ ಹೋಗಿ ಬರುವ ರೂಢಿಯನ್ನು ಇಟ್ಟುಕೊಂಡಿದ್ದರು. ಆ ಗುಂಪಿಗೆ ಹೆಸರಿಲ್ಲ, ವರ್ಗಣಿಯಿಲ್ಲ, ಅಧ್ಯಕ್ಷರಿಲ್ಲ. “ರವಿವಾರ ಐದೂವರೆಗೆ ನಿಮ್ಮ ಮನೆಯ ಎದುರು ನಿಂತಿರುತ್ತೇವೆ. ನೀನು ಬಾರದಿದ್ದರೆ ಕಾಯುತ್ತ ನಿಂತಿರುತ್ತೇವೆ” ಎಂದಷ್ಟೇ ಅವರು ಹೇಳಿದರು. ಎಪ್ಪತ್ತು ವರ್ಷದ ಗುರುಗಳನ್ನು ಕತ್ತಲೆಯಲ್ಲಿ ಬಾಗಿಲ ಮುಂದೆ ನಿಲ್ಲಿಸಿ ಹೊದ್ದುಕೊಂಡು ಮಲಗುವಷ್ಟು ದಿಟ್ಟತನ ನನ್ನಲ್ಲಿರಲಿಲ್ಲ. ನಾಲ್ಕು ವರ್ಷಗಳಾದವು, ಆಗಿನಿಂದ ತಪ್ಪಿಸಿದ ರವಿವಾರಗಳನ್ನು ಬೆರಳುಗಳಲ್ಲಿ ಎಣಿಸಬಹುದು.

ವಾರಕ್ಕೊಂದು ದೂರದ ಓಟವೆಂದರೇನು, ಅದರಿಂದ ದೇಹದಲ್ಲಿ ಆಗುವುದೇನು ಎಂಬುದನ್ನು ಇಲ್ಲಿ ತುಸು ವಿಚಾರಿಸುವುದು ಯುಕ್ತವಾಗಿದೆ. ವಾರದ ಉಳಿದ ದಿನಗಳಲ್ಲಿ ಅರ್ಧ ತಾಸು ಮುಕ್ಕಾಲು ತಾಸು ನಡೆಯುವವನು ಅಥವಾ ಓಡುವವನು, ಒಂದು ದಿನ ಅದರ ಎರಡು ಮೂರು ಪಟ್ಟು ಹೊತ್ತು ಅತಿ ನಿಧಾನವಾಗಿ ಓಡುವುದೇ ಈ ಪದ್ಧತಿ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ, ಹೊತ್ತಿಗೆ ಬೆಲೆ. ನಮ್ಮ ಮಾಂಸಖಂಡಗಳಲ್ಲಿಯೂ ಯಕೃತ್ತಿನಲ್ಲಿಯೂ ಪಿಷ್ಟದಂಥ ಒಂದು ಪದಾರ್ಥವು ಕೂಡಿಟ್ಟಿರುತ್ತದೆ. ಅದನ್ನು ಗ್ಲೈಕೊಜನ್ ಎನ್ನುವರು. ವಯಸ್ಕನಲ್ಲಿ ಅದು ಸುಮಾರು ಅರ್ಧ ಕಿಲೋಗ್ರಾಮಿನಷ್ಟಿರುತ್ತದೆ. ಭರದಿಂದ ಓಡಿದರೆ ಈ ಸಂಗ್ರಹವು ಬೇಗನೆ ಕರಗುತ್ತದೆ, 42.195 ಕಿಲೋಮೀಟರಿನ ಮ್ಯಾರಥಾನ್ ಓಟದಲ್ಲಿ ಅನೇಕರು ಮೂವತ್ತನೆಯ ಕಿಲೋಮೀಟರಿನ ಸುಮಾರಿಗೆ ಕುಸಿಯುವುದು ಇದೇ ಕಾರಣದಿಂದ. ನಿಧಾನವಾಗಿ ಬಹಳ ಹೊತ್ತು ಓಡಿದರೆ ದೇಹವು ಈ ಸಂಗ್ರಹವನ್ನು ಉಳಿಸಿಕೊಂಡು ಕೊಬ್ಬನ್ನು ಉರಿಸಲಿಕ್ಕೆ ಕಲಿಯುತ್ತದೆ. ಮಾಂಸಖಂಡಗಳಲ್ಲಿ ಕೂದಲಿಗಿಂತ ಸಣ್ಣವಾದ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಹೃದಯವು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ನೂಕಲಿಕ್ಕೆ ಸಮರ್ಥವಾಗುತ್ತದೆ. ದುಡಿಯುವ ಮಾಂಸಖಂಡವು ರಕ್ತದೊಳಗಿನ ಸಕ್ಕರೆಯನ್ನು ತಾನಾಗಿ ಹೀರಿಕೊಳ್ಳುವುದರಿಂದ ಸಕ್ಕರೆಯ ರೋಗಿಗೆ ಇದರ ಉಪಕಾರವು ಇಮ್ಮಡಿಯೆನ್ನಬೇಕು.

ವೇಗವು ಸರಿಯಾಗಿದೆಯೇ ಎಂದು ತಿಳಿಯಲಿಕ್ಕೆ ಯಂತ್ರವೇನೂ ಬೇಡ. ಓಡುತ್ತಿರುವಾಗ ಪಕ್ಕದವನೊಡನೆ ಪೂರಾ ವಾಕ್ಯವನ್ನು ಆಡಲಿಕ್ಕೆ ಬಂದರೆ ವೇಗವು ಸರಿ. ಒಂದೆರಡು ಶಬ್ದಕ್ಕೇ ಉಸಿರು ಕಟ್ಟಿದರೆ ಅದು ಹೆಚ್ಚಾಯಿತೆಂದು ತಿಳಿಯಬೇಕು. ಮಾತಾಡಬೇಕಾದರೆ ಪಕ್ಕದಲ್ಲಿ ಒಬ್ಬನು ಇರಲೇಬೇಕಷ್ಟೆ.

ಈ ಮಾತಿನ ಬೆಲೆಯನ್ನು ನಾನು ತಿಳಿದದ್ದು ಒಂದು ಮಾರ್ಚ್ ತಿಂಗಳಿನಲ್ಲಿ. ಆಗ ಗುಂಪನ್ನು ಸೇರಿ ಆರು ತಿಂಗಳಾಗಿದ್ದವು. ಮೈ ಹಗುರಾಗಿತ್ತು, ಅದರೊಡನೆ ಬುದ್ಧಿಯೂ ಹಗುರಾಗಿತ್ತು. ಆ ರವಿವಾರ ಕಾಲೇಜಿನ ಇಬ್ಬರು ತರುಣರು ನಮ್ಮೊಡನೆ ಬಂದಿದ್ದರು. ಶರಾವತಿಯ ಆಚೆಯ ಕಾಸರಕೋಡದ ಮರಳಿನ ಮೇಲೆ ಅವರು ಮುಂದಾದರು. ಮಾಸ್ತರರೂ ಇತರರೂ ಹಿಂದುಳಿದರು. ನಾನು ತರುಣರನ್ನು ಹಿಡಿಯಬೇಕೆಂದು ಹೊರಟೆನು. ಮನೆಯಿಂದ ಹೊರಡುವಾಗ ಬರಿಹೊಟ್ಟೆಯಲ್ಲಿ ಸಕ್ಕರೆಯ ಗುಳಿಗೆಯನ್ನು ನುಂಗಿದ್ದೆನೆಂಬುದು ಆಗ ನೆನಪಿಗೆ ಬರಲಿಲ್ಲ. ಎರಡು ಮೈಲಿನೊಳಗೆ ಬೆವರು ತಣ್ಣಗಾಯಿತು, ಕೈಗಳು ನಡುಗಿದವು, ಕಣ್ಣಿಗೆ ಕತ್ತಲೆಗಟ್ಟಿತು. ಮರಳಿನ ಮೇಲೆ ಕುಸಿದು ಕುಳಿತೆನು. ತರುಣರು ಚುಕ್ಕೆಗಳಾಗಿ ಕಾಣುತ್ತಿದ್ದರು. ಕೂಗಲಿಕ್ಕೆ ಧ್ವನಿ ಬರಲಿಲ್ಲ. ನನ್ನ ಹೆಂಡತಿಗೂ ಮಗಳಿಗೂ ಈ ಸುದ್ದಿಯನ್ನು ಯಾರು ಹೇಗೆ ಮುಟ್ಟಿಸುವರೋ ಎಂಬ ಒಂದೇ ವಿಚಾರ ತಲೆಯಲ್ಲಿ ತಿರುಗುತ್ತಿತ್ತು.

ಹಿಂದಿನಿಂದ ಮಾಸ್ತರರು ತಮ್ಮ ಆಮೆಯ ನಡಿಗೆಯಲ್ಲಿ ಬಂದು ಮುಟ್ಟಿದರು. ನನ್ನ ಮುಖವನ್ನು ನೋಡಿದವರೇ ಪಂಚೆಯ ಗಂಟಿನಿಂದ ಬೆಲ್ಲದ ಚೂರೊಂದನ್ನು ತೆಗೆದು ಬಾಯಿಗಿಟ್ಟರು. ಕಾಲು ತಾಸಿನಲ್ಲಿ ಜೀವ ತಿರುಗಿ ಬಂತು. ಅವರು ಬಯ್ಯಲಿಲ್ಲ. “ತಮ್ಮಾ, ನೀನು ಓಡಿದ್ದು ಯಾರನ್ನು ಹಿಡಿಯಲಿಕ್ಕೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಮ್ಮ ಗುಂಪಿಗೆ ಒಂದು ಕಟ್ಟಳೆಯಾಯಿತು: ಎಲ್ಲರಿಗಿಂತ ಹಿಂದಿರುವವನ ಹೆಜ್ಜೆಯೇ ಗುಂಪಿನ ಹೆಜ್ಜೆ. ಮುಂದೆ ಹೋದವರು ಅರ್ಧ ಮೈಲಿಗೊಮ್ಮೆ ತಿರುಗಿ ಬಂದು ಹಿಂದಿನವರನ್ನು ಕೂಡಿಕೊಳ್ಳತಕ್ಕದ್ದು. ಹೊರಡುವಾಗ ಎಣಿಸಿದ ತಲೆಗಳನ್ನು ಮರಳುವಾಗ ಎಣಿಸತಕ್ಕದ್ದು.

ನಾವು ಸ್ವಂತ ಅನುಭವದಿಂದ ಕಂಡುಕೊಂಡೆವೆಂದು ತಿಳಿದಿದ್ದ ಈ ಕಟ್ಟಳೆಯು ಭೂಮಿಯ ಇನ್ನೊಂದು ಮೂಲೆಯಲ್ಲಿ ಬಹು ಹಿಂದೆಯೇ ರೂಢಿಯಲ್ಲಿತ್ತೆಂದು ಬಳಿಕ ಓದಿ ತಿಳಿದೆನು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬವನಿದ್ದನು. ಬೂಟಿನ ಕಾರಖಾನೆಯಲ್ಲಿ ದುಡಿದು ಹೊಟ್ಟೆ ಹೊರೆಯುತ್ತಿದ್ದ ಈತನು ತನ್ನ ದೇಹದ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ಮಾಡಿ, ನಿಧಾನವಾಗಿ ಬಹು ದೂರ ಓಡುವುದೇ ಎಲ್ಲ ಓಟಗಳಿಗೂ ಅಡಿಪಾಯವೆಂದು ಕಂಡುಕೊಂಡನು. ನೆರೆಹೊರೆಯ ಹುಡುಗರು ಅವನೊಡನೆ ಕೂಡಿದರು. ರವಿವಾರ ಬಂತೆಂದರೆ ಅವರೆಲ್ಲರೂ ಗುಡ್ಡಗಳ ದಾರಿಯಲ್ಲಿ 22 ಮೈಲುಗಳನ್ನು, ಎಂದರೆ ಸುಮಾರು 35 ಕಿಲೋಮೀಟರುಗಳನ್ನು, ಜೊತೆಯಾಗಿ ಓಡುತ್ತಿದ್ದರು. 1960ರ ರೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಗುಂಪಿನ ಪೀಟರ್ ಸ್ನೆಲ್ 800 ಮೀಟರಿನ ಓಟವನ್ನೂ ಮರ್ರೆ ಹಾಲ್ಬರ್ಗ್ 5,000 ಮೀಟರಿನ ಓಟವನ್ನೂ ಒಂದೇ ದಿನ ಗೆದ್ದರು. ಬ್ಯಾರಿ ಮ್ಯಾಗೀ ಮ್ಯಾರಥಾನಿನಲ್ಲಿ ಮೂರನೆಯವನಾದನು. ಒಂದೇ ಬೀದಿಯ ಸುತ್ತುಮುತ್ತಲಿನ ಹುಡುಗರು ಲೋಕವನ್ನು ಬೆರಗುಗೊಳಿಸಿದರು.

ಆದರೆ ಗೃಹಸ್ಥರಾದ ನಮಗೆ ಪದಕಗಳಿಗಿಂತ ಮುಂದಿನ ಕಥೆಯೇ ಮುಖ್ಯವಾದುದು. 1962ರಲ್ಲಿ ಲಿಡಿಯಾರ್ಡನೂ ಅವನ ಗೆಳೆಯರೂ ಕೂಡಿ ಆಕ್ಲೆಂಡಿನಲ್ಲಿ ಒಂದು ಸಂಘವನ್ನು ಏರ್ಪಡಿಸಿದರು. ನಡುವಯಸ್ಸು ಮೀರಿದವರೂ ಹೃದ್ರೋಗದಿಂದ ಚೇತರಿಸಿಕೊಂಡವರೂ ಕೂಡಿ ಮೆಲ್ಲನೆ ಓಡುವ ಸಂಘವದು. ಅದೇ ವರ್ಷದ ಕೊನೆಗೆ ಅಮೇರಿಕೆಯ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಓಟಗಾರರ ಗುರುವಾಗಿದ್ದ ಬಿಲ್ ಬೋವರ್ಮನ್ ಅಲ್ಲಿಗೆ ಬಂದನು. ಆಗ ಅವನ ವಯಸ್ಸು 51. ಲೋಕಪ್ರಸಿದ್ಧ ಓಟಗಾರರನ್ನು ತಯಾರಿಸಿದ ತನಗೆ ಮುದುಕರ ಓಟವೊಂದು ಲೆಕ್ಕವೇ ಎಂದುಕೊಂಡು ರವಿವಾರದ ಗುಂಪಿನೊಡನೆ ಹೊರಟನು. ಅರ್ಧ ಮೈಲಿಗೇ ಏದುಸಿರು ಬಂತು. ಗುಂಪು ಮುಂದೆ ಸಾಗಿತು. ಆಗ ಎಪ್ಪತ್ತು ದಾಟಿದ, ಹಿಂದೆ ಮೂರು ಸಲ ಹೃದಯಾಘಾತವಾಗಿದ್ದ ಮುದುಕನೊಬ್ಬನು ತನ್ನ ವೇಗವನ್ನು ತಗ್ಗಿಸಿ ಅವನ ಜೊತೆಗೆ ಉಳಿದನು. ದಾರಿಯುದ್ದಕ್ಕೂ ಮಾತಾಡಿಸುತ್ತ ಅವನನ್ನು ಕೊನೆಯವರೆಗೆ ಕರೆತಂದನು. ಈ ಉಪಕಾರವನ್ನು ಬೋವರ್ಮನ್ ಮರೆಯಲಿಲ್ಲ. 1963ರಲ್ಲಿ ಊರಿಗೆ ಮರಳಿ ನೆರೆಹೊರೆಯ ಗೃಹಸ್ಥರನ್ನೂ ಗೃಹಿಣಿಯರನ್ನೂ ಕೂಡಿಸಿ ಓಡಲಿಕ್ಕೆ ಕಲಿಸಿದನು. 1967ರಲ್ಲಿ ಒಬ್ಬ ಹೃದಯವೈದ್ಯನೊಡನೆ ಕೂಡಿ ಅದನ್ನು ಕುರಿತು ಪುಸ್ತಕವನ್ನೇ ಬರೆದನು. ಅಮೇರಿಕೆಯಲ್ಲಿ ಸಾಮಾನ್ಯ ಜನರ ಓಟವು ಹಬ್ಬಿದುದು ಹೀಗೆ. ನಮ್ಮ ಮಾಸ್ತರರಿಗೆ ಈ ಕಥೆಯನ್ನು ಓದಿ ಹೇಳಿದಾಗ ಅವರು, “ಹಾಗಾದರೆ ಬೆಲ್ಲದ ಚೂರು ಅಲ್ಲಿಯೂ ಇತ್ತೆನ್ನು” ಎಂದು ನಕ್ಕರು.

ಕನ್ನಡ ನಾಡಿಗೆ ದೂರದ ಓಟವು ಹೊಸದಲ್ಲ. ಒಲಿಂಪಿಕ್ ಮ್ಯಾರಥಾನಿನಲ್ಲಿ ಭಾರತದ ಹೆಸರಿನಿಂದ ಮೊಟ್ಟಮೊದಲು ಓಡಿದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಒಬ್ಬರು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಹಳ್ಳಿಯ ತರುಣರು ಬರಿಗಾಲಿನಲ್ಲಿ ಓಡುವ ಬಗೆಯನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರಿಗೆ ಇವರನ್ನು ಲೋಕದ ಪಂದ್ಯಕ್ಕೆ ಕಳುಹಿಸಬೇಕೆಂಬ ಹಂಬಲ ಹುಟ್ಟಿತು. 1920ರ ಆಗಸ್ಟಿನಲ್ಲಿ ಬೆಲ್ಜಿಯಮಿನ ಆಂಟ್ವರ್ಪ್ ನಗರದಲ್ಲಿ ಚೌಗುಲೆಯವರು 2 ತಾಸು 50 ಮಿನಿಟು 45 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿ 19ನೆಯವರಾದರು. ಆ ವರ್ಷದ ದಾರಿಯು ಈಗಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ, 42.75 ಕಿಲೋಮೀಟರಿನಷ್ಟಿತ್ತು. ಕುಮಟೆಯಿಂದ ಹೊನ್ನಾವರಕ್ಕೆ ಹೋಗಿ, ನಿಲ್ಲದೆ ಕುಮಟೆಗೆ ಮರಳಿ, ಇನ್ನೂ ಒಂದೆರಡು ಮೈಲು ಓಡಿದಂತೆ ಎಂದರೆ ನಮ್ಮವರಿಗೆ ಆ ದೂರದ ಅಂದಾಜು ಹತ್ತೀತು.

ನಮ್ಮ ಜಿಲ್ಲೆಯ ಘಟ್ಟದ ಮೇಲಿನ ಮಾತೂ ಒಂದಿದೆ. ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದ ಕೊನೆಗೆ ಯಲ್ಲಾಪುರ ಹಳಿಯಾಳಗಳ ಕಡೆಯ ಸಿದ್ದಿ ಜನಾಂಗದ ಬಾಲಕ ಬಾಲಕಿಯರನ್ನು ಆರಿಸಿ ಓಟದ ಶಿಕ್ಷಣವನ್ನು ಕೊಡಿಸಿತು. ಕೆಲವರು ರಾಷ್ಟ್ರದ ಪದಕಗಳನ್ನು ಗೆದ್ದರು. 1993ರಲ್ಲಿ ಆ ಯೋಜನೆ ನಿಂತಿತು; ಅನೇಕರು ಓಟವನ್ನು ಬಿಟ್ಟು ಹೊಲ ಕಾಡುಗಳ ಕೂಲಿಗೆ ಮರಳಬೇಕಾಯಿತು. ಅವರ ಕಾಲುಗಳ ಬಲವೇನೂ ಕುಂದಿರಲಿಲ್ಲ. ಜೊತೆಗಿದ್ದವರು ಚದರಿದರು, ಆಸರೆ ತಪ್ಪಿತು. ಹಿಮ್ಮೇಳವಿಲ್ಲದೆ ವೇಷವು ಎಷ್ಟು ಹೊತ್ತು ಕುಣಿದೀತು? ಹುಟ್ಟು ಓಟಗಾರರಿಗೇ ಸಂಗಡಿಗರು ಬೇಕಾದರೆ, ಐವತ್ತು ವರ್ಷದ ಕಾರಕೂನನ ಪಾಡೇನು?

ಈಚೆಗೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಓಟಗಾರರ ಸಂಘಗಳು ಬಹಳವಾಗಿವೆ. 2008ರಿಂದ ಅಲ್ಲಿ ನಡೆಯುತ್ತ ಬಂದಿರುವ ಹತ್ತು ಕಿಲೋಮೀಟರಿನ ಓಟಕ್ಕೆ ಸಾವಿರಾರು ಜನರು ಕೂಡುತ್ತಾರೆ. ರವಿವಾರದ ಬೆಳಗಿನಲ್ಲಿ ಕಬ್ಬನ್ ಉದ್ಯಾನದ ದಾರಿಗಳಲ್ಲಿ ಗುಂಪುಗುಂಪಾಗಿ ಓಡುವವರನ್ನು ಯಾರಾದರೂ ನೋಡಬಹುದು. ಸಣ್ಣ ಊರುಗಳಲ್ಲಿ ಅಂಥ ವೈಭವವು ಇಲ್ಲದಿದ್ದರೂ ಚಿಂತೆಯಿಲ್ಲ. ನಾಲ್ಕು ಜನರಾದರೆ ಸಾಕು.

ಕೂಡಿ ಮಾಡಿದ ಶ್ರಮವು ಹಗುರಾಗುವುದೇಕೆ? ನಮ್ಮ ಕಡಲ ತೀರದಲ್ಲಿ ಹಿಂದೆ ರಂಪಣಿ ಬಲೆಯನ್ನು ಎಳೆಯುತ್ತಿದ್ದುದನ್ನು ಕಂಡ ಹಿರಿಯರು ಇದನ್ನು ಬಲ್ಲರು. ಕೇರಿಗೆ ಕೇರಿಯೇ ಎರಡು ಸಾಲಾಗಿ ನಿಂತು ಒಂದೇ ಉಸಿರಿನಲ್ಲಿ ಹಗ್ಗವನ್ನು ಜಗ್ಗುವಾಗ ಯಾರಿಗೂ ಆಯಾಸವೆಂಬುದು ತಿಳಿಯುತ್ತಿರಲಿಲ್ಲ. ಇದು ಬರಿಯ ಭಾವನೆಯಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಶೋಧಕರು ದೋಣಿಯ ಹುಟ್ಟು ಹಾಕುವ ತರುಣರನ್ನು ಒಬ್ಬೊಬ್ಬರಾಗಿಯೂ ಗುಂಪಾಗಿಯೂ ಅಷ್ಟೇ ಹೊತ್ತು ದುಡಿಸಿ ನೋಡಿ, 2009ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಶ್ರಮವು ಎರಡು ಸಲವೂ ಒಂದೇ ಆಗಿದ್ದರೂ, ಗುಂಪಾಗಿ ದುಡಿದ ಬಳಿಕ ಅವರಿಗೆ ನೋವನ್ನು ತಾಳುವ ಶಕ್ತಿಯು ಹೆಚ್ಚಿತ್ತು. ಒಂದೇ ಲಯದಲ್ಲಿ ಕೂಡಿ ದುಡಿದಾಗ ನೋವನ್ನು ಮರೆಸುವ ದ್ರವ್ಯವನ್ನು ಮೆದುಳು ಹೆಚ್ಚಾಗಿ ಒಸರುತ್ತದೆಂದು ಅವರ ಊಹೆ.

ಗುಂಪಿನ ಇನ್ನೊಂದು ಉಪಕಾರವನ್ನು ಗಂಡಸರಾದ ನಾವು ತಡವಾಗಿ ತಿಳಿದೆವು. ನಮ್ಮ ಓಣಿಯ ಶಾಲೆಯ ಅಕ್ಕೋರೊಬ್ಬರಿಗೆ ಬಹು ದಿನಗಳಿಂದ ಓಡುವ ಆಸೆಯಿತ್ತು. ಬೆಳಗಿನ ಕತ್ತಲೆಯಲ್ಲಿ ಒಬ್ಬಳೇ ಹೋಗಲಿಕ್ಕೆ ನಾಯಿಗಳ ಭಯ ಒಂದು. ನಾಲಗೆಗಳ ಭಯ ಇನ್ನೊಂದು. ಅವರು ಮೊದಲು ನನ್ನ ಹೆಂಡತಿಯನ್ನು ಕರೆದುಕೊಂಡು ಬಂದರು. ಈಗ ಐದು ಜನ ಹೆಂಗಸರು ಬರುತ್ತಾರೆ. ಗುಂಪು ಇರುವಲ್ಲಿ ನಾಯಿಯೂ ಬೊಗಳುವುದು ಕಡಿಮೆ, ನೆರೆಯವರೂ ಆಡಿಕೊಳ್ಳುವುದು ಕಡಿಮೆ. ಹೆಂಗಸರಿಗೆ ದೂರದ ಓಟವು ತಗದೆಂಬ ಮಾತು ನಮ್ಮಲ್ಲಿ ಮಾತ್ರವಲ್ಲ, ಇಡೀ ಲೋಕದಲ್ಲಿ ಇತ್ತು. ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಮ್ಯಾರಥಾನ್ ಓಡಲಿಕ್ಕೆ ಅವಕಾಶ ದೊರೆತುದು 1984ರಲ್ಲಿ. ಅಡಿಗೆಮನೆಯಲ್ಲಿ ದಿನಕ್ಕೆ ಹದಿನೈದು ತಾಸು ನಿಲ್ಲುವುದು ತಕ್ಕುದು, ಒಂದು ತಾಸು ಓಡುವುದು ತಗದು ಎಂಬ ನ್ಯಾಯವು ಎಲ್ಲಿಯದೋ ತಿಳಿಯದು.

ಇನ್ನು ನಮ್ಮ ಸೀಮೆಗೆ ತಕ್ಕ ಕೆಲವು ಸೂಚನೆಗಳನ್ನು ಕೊಡುತ್ತೇನೆ. ಮೊದಲನೆಯದು ಜಾಗದ ವಿಷಯ. ಹೆದ್ದಾರಿಯು ಓಡುವ ಜಾಗವಲ್ಲ. ಕತ್ತಲೆಯಲ್ಲಿ ಲಾರಿಗಳೆದುರು ಓಡುವುದು ಆರೋಗ್ಯಸಾಧನೆಯಲ್ಲ, ಸಾಹಸವೂ ಅಲ್ಲ. ಕುಮಟೆಯವರಿಗೆ ಹೆಗಡೆಯ ಕಡೆಯ ಗದ್ದೆಬಯಲಿನ ದಾರಿಗಳಿವೆ. ಹೊನ್ನಾವರದವರಿಗೆ ಕಾಸರಕೋಡದಿಂದ ಅಪ್ಸರಕೊಂಡದ ಕಡೆಗಿನ ತೀರವಿದೆ. ಭಟ್ಕಳದವರಿಗೆ ಜಾಲಿಯ ಕಡಲತಡಿಯೂ ಮುರುಡೇಶ್ವರದ ಮರಳೂ ಇವೆ. ಮರಳಿನಲ್ಲಿ ಓಡುವವರು ಇಳಿತದ ಹೊತ್ತಿನಲ್ಲಿ ಒದ್ದೆಯಾಗಿ ಗಟ್ಟಿಗೊಂಡ ಪಟ್ಟಿಯನ್ನು ಹಿಡಿಯಬೇಕು. ಒಣಮರಳಿನಲ್ಲಿ ಕಾಲು ಹೂತು ಹಿಮ್ಮಡಿಯ ನರವು ನೋಯುತ್ತದೆ. ತೀರವು ಕಡಲಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದ ದಾರಿಯಲ್ಲಿಯೇ ಮರಳಿದರೆ ಎರಡು ಕಾಲುಗಳಿಗೂ ಸಮನಾದ ಶ್ರಮ ಬೀಳುವುದು.

ಇಲ್ಲಿ ಪಂಚಾಂಗವೂ ಉಪಯೋಗಕ್ಕೆ ಬರುತ್ತದೆ. ಭರತ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ಮಿನಿಟುಗಳಷ್ಟು ತಡವಾಗುತ್ತ ಹೋಗುತ್ತದೆ. ಏಳು ದಿನಗಳಲ್ಲಿ ಅದು ಆರು ತಾಸುಗಳ ಹತ್ತಿರ ಸರಿಯುತ್ತದೆ. ಆದುದರಿಂದ ಈ ರವಿವಾರ ಬೆಳಗಿನಲ್ಲಿ ಇಳಿತವಿದ್ದರೆ ಮುಂದಿನ ರವಿವಾರ ಅದೇ ಹೊತ್ತಿಗೆ ಭರತವಿರುತ್ತದೆ. ನಮ್ಮ ತೀರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಬೆಳಗಿನ ಜಾವದಲ್ಲಿ ಕಡಲು ಇಳಿದಿರುತ್ತದೆ. ಅಷ್ಟಮಿಯ ಸುಮಾರಿಗೆ ಏರಿರುತ್ತದೆ. ನಾವು ಒಂದು ವಾರ ಮರಳಿನ ಮೇಲೆಯೂ ಮರುವಾರ ಒಳನಾಡಿನ ದಾರಿಯಲ್ಲಿಯೂ ಓಡುತ್ತೇವೆ. ಮಾಸ್ತರರು ತಿಥಿಯನ್ನು ನೋಡಿ ದಾರಿಯನ್ನು ನಿಶ್ಚಯಿಸುತ್ತಾರೆ.

ಎರಡನೆಯದು ಸೆಕೆ. ನಮ್ಮಲ್ಲಿ ಗಾಳಿಯು ತೇವದಿಂದ ಕೂಡಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗದು. ಆದುದರಿಂದ ಮಾರ್ಚಿನಿಂದ ಮೇ ಮುಗಿಯುವವರೆಗೆ ಸೂರ್ಯನು ಘಟ್ಟವನ್ನು ಏರುವುದರೊಳಗಾಗಿ ಮನೆಗೆ ಮರಳಬೇಕು. ಒಂದು ತಾಸಿಗೆ ಮೀರಿದ ಓಟದಲ್ಲಿ ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯಕರ. ರಕ್ತದಲ್ಲಿಯ ಉಪ್ಪು ತೆಳುವಾಗುತ್ತದೆ. ಬಾಯಾರಿದಷ್ಟು ಕುಡಿಯಬೇಕು, ಉಪ್ಪು ಹಾಕಿದ ನೀರುಮಜ್ಜಿಗೆ, ಮುರುಗಲಿನ ಪಾನಕ, ಎಳನೀರುಗಳು ಅಂಗಡಿಯ ಬಣ್ಣದ ಪಾನೀಯಗಳಿಗಿಂತ ಯಾವ ವಿಧದಲ್ಲಿಯೂ ಕಡಿಮೆಯಲ್ಲ. ಹೊರಡುವ ಮೊದಲು ಒಂದು ಬಾಳೆಹಣ್ಣು, ಮರಳಿದ ಮೇಲೆ ಗಂಜಿಯೋ ತೆಳ್ಳೇವೋ ಸಾಕಾಗುತ್ತದೆ. ಮಳೆಗಾಲದಲ್ಲಿ, ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಸೀಮೆಯಲ್ಲಿ, ಮಳೆ ನಿಲ್ಲಲೆಂದು ಕಾದವನು ದೀಪಾವಳಿಯವರೆಗೆ ಕಾಯಬೇಕಾದೀತು. ಸಿಡಿಲೂ ಬಿರುಗಾಳಿಯೂ ಇಲ್ಲದಿದ್ದರೆ ನೆನೆದುಕೊಂಡೇ ಓಡುತ್ತೇವೆ. ಆದರೆ ಆಗ ಕಡಲಿನ ಹತ್ತಿರಕ್ಕೆ ಹೋಗುವುದಿಲ್ಲ.

ಮೂರನೆಯದು ಮುಖ್ಯವಾದುದು. ನಲವತ್ತು ದಾಟಿದವರೂ, ಸಕ್ಕರೆ, ರಕ್ತದ ಒತ್ತಡ, ಹೃದಯದ ರೋಗಗಳುಳ್ಳವರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಕ್ಕರೆಯ ಗುಳಿಗೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳುವವರು ಓಟದ ದಿನ ಅದನ್ನು ಯಾವಾಗ, ಎಷ್ಟು ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಂಡು, ಕಿಸೆಯಲ್ಲಿ ಬೆಲ್ಲವನ್ನೋ ಸಕ್ಕರೆಯನ್ನೋ ಇಟ್ಟುಕೊಂಡಿರಬೇಕು. ಎದೆಯಲ್ಲಿ ನೋವು, ಬಿಗಿತ, ತಲೆಸುತ್ತು ಕಾಣಿಸಿದರೆ ನಾಚಿಕೆಯಿಲ್ಲದೆ ನಿಂತು ಜೊತೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಮೊದಲ ತಿಂಗಳು ನಡಿಗೆಯೇ ಸಾಕು. ಬಳಿಕ ಐದು ಮಿನಿಟು ನಡೆದು ಒಂದು ಮಿನಿಟು ಓಡಬಹುದು. ದೂರವನ್ನು ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಸಬಾರದು. ನಾಲ್ಕನೆಯ ವಾರ ಇಳಿಸಿದರೂ ಲೇಸು.

ಮೊಣಕಾಲು ಸವೆಯುವುದೆಂದು ಅಂಜುವವರು ಬಹಳ ಜನರಿದ್ದಾರೆ. ಅನೇಕ ದೇಶಗಳ ಶೋಧನೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯಲ್ಲಿ, ಹಿತಮಿತವಾಗಿ ಓಡುವವರಲ್ಲಿ ಮೊಣಕಾಲು ಸೊಂಟಗಳ ಕೀಲುಸವೆತವು ನೂರಕ್ಕೆ 3.5 ಜನರಲ್ಲಿ ಕಂಡುಬಂತು. ಓಡದೆ ಕುಳಿತವರಲ್ಲಿ 10.2 ಜನರಲ್ಲಿ, ಪಂದ್ಯಕ್ಕಾಗಿ ಕಠಿನವಾಗಿ ಓಡುವವರಲ್ಲಿ 13.3 ಜನರಲ್ಲಿ. ಕುಳಿತರೂ ಸವೆತ, ಮಿತಿಮೀರಿದರೂ ಸವೆತ. ಗೃಹಸ್ಥನಿಗೆ ನಡುವಿನ ದಾರಿಯೇ ಹಿತ. ಹೊತ್ತಿಲ್ಲವೆನ್ನುವವರಿಗೂ ಒಂದು ಮಾತು. ವಾರಕ್ಕೆ 150ರಿಂದ 300 ಮಿನಿಟುಗಳಷ್ಟು ಸಾಧಾರಣ ವ್ಯಾಯಾಮವು ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ರವಿವಾರದ ಒಂದೇ ಬೆಳಗಿನಲ್ಲಿ ಅದರ ಅರ್ಧಕ್ಕೂ ಹೆಚ್ಚು ಪಾಲು ಸಂದಾಯವಾಗುತ್ತದೆ.

ಇದರಿಂದ ನನ್ನ ರೋಗವು ಹೋಯಿತೇ ಎಂದು ವಾಚಕರು ಕೇಳಬಹುದು. ಹೋಗಲಿಲ್ಲ. ಆದರೆ ಅಂಕೆಯಲ್ಲಿದೆ, ಎರಡು ಗುಳಿಗೆಗಳಿದ್ದುದನ್ನು ವೈದ್ಯರು ಒಂದಕ್ಕೆ ಇಳಿಸಿದ್ದಾರೆ. ವರ್ಷಕ್ಕೊಮ್ಮೆ ಕಣ್ಣುಗಳನ್ನೂ ಪಾದಗಳನ್ನೂ ಪರೀಕ್ಷಿಸಿಕೊಳ್ಳುವಾಗ ತಂದೆಯವರ ನೆನಪಾಗುತ್ತದೆ. ಅವರಿಗೆ ಬುದ್ಧಿ ಹೇಳುವವರು ಬಹಳ ಜನರಿದ್ದರು. ಬಾಗಿಲ ಮುಂದೆ ಬಂದು ನಿಂತವರು ಒಬ್ಬರೂ ಇರಲಿಲ್ಲ.

ಮಾಸ್ತರರಿಗೆ ಈಗ ಎಪ್ಪತ್ತೈದು. ಅವರು ಓಡುವುದನ್ನು ಬಿಟ್ಟು ನಡೆಯುತ್ತಾರೆ, ಅದೂ ನಮ್ಮಲ್ಲಿ ಎಲ್ಲರಿಗಿಂತ ಹಿಂದೆ. ಕಟ್ಟಳೆಯಂತೆ ನಾವು ಅರ್ಧ ಮೈಲಿಗೊಮ್ಮೆ ತಿರುಗಿ ಬಂದು ಅವರನ್ನು ಕೂಡಿಕೊಳ್ಳುತ್ತೇವೆ. ಇದರಿಂದ ನಮ್ಮ ಓಟವು ಅವರ ನಡಿಗೆಯ ಎರಡರಷ್ಟಾಗುತ್ತದೆ. ನಮಗೆ ದೂರದ ಲಾಭ, ಅವರಿಗೆ ಜೊತೆಯ ಲಾಭ. ಹೋದ ರವಿವಾರ ಹೊಸಬರೊಬ್ಬರು ಬಂದಿದ್ದರು. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನಲವತ್ತೆರಡು, ದೇಹ ಸ್ಥೂಲ. ಒಂದು ಮೈಲಿಗೇ ದಣಿದು, “ನೀವೆಲ್ಲ ಮುಂದೆ ಹೋಗಿ, ನನ್ನಿಂದ ನಿಮಗೆ ತಡವಾಗುತ್ತದೆ” ಎಂದರು. ಮಾಸ್ತರರು ಅವರ ಮಗ್ಗುಲಿಗೆ ಬಂದು, “ನನಗೂ ಒಬ್ಬರು ಜೊತೆ ಬೇಕಾಗಿತ್ತು, ಬನ್ನಿ” ಎಂದು ಕೈಯೊಳಗಿನ ಬೆಲ್ಲದ ಚೂರನ್ನು ಅವರ ಮುಂದೆ ಹಿಡಿದರು.